ಗಾಜಿನ ಹೂವು, ಚಿವುಟಿದ ಕುಡಿ: ಸಸ್ಯಶಾಸ್ತ್ರ ಬೋಧನೆಯ ಮಾದರಿಗಳನ್ನು ಕುರಿತು

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಮುಖ್ಯ ಬೆಳೆಗಳನ್ನು ಸಸ್ಯಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸಿದರೆ ಒಂದು ವಿಚಿತ್ರ ಸಂಗತಿ ಎದುರಾಗುತ್ತದೆ. ಇಲ್ಲಿನ ಹಣದ ಬೆಳೆಗಳಲ್ಲಿ ಹೂವಿಗೆ ಕೆಲಸವೇ ಇಲ್ಲ. ನಿಪ್ಪಾಣಿ ಸೀಮೆಯ ಬೀಡಿ ತಂಬಾಕಿನ ಗಿಡ ಮೊಗ್ಗು ತೋರಿಸುತ್ತಿದ್ದಂತೆಯೇ ರೈತ ಅದರ ಕುಡಿಯನ್ನು ಚಿವುಟುತ್ತಾನೆ. ಗಿಡದ ಸತ್ತ್ವವೆಲ್ಲ ಎಲೆಗೆ ಇಳಿದು ಎಲೆ ದಪ್ಪವಾಗಬೇಕೆಂಬುದು ಅದರ ಉದ್ದೇಶ. ಕೃಷ್ಣೆ, ದೂಧಗಂಗೆಗಳ ನೀರುಂಡು ಬೆಳೆಯುವ ಕಬ್ಬು ಕಣ್ಣಿರುವ ತುಂಡಿನಿಂದ ಹುಟ್ಟುತ್ತದೆಯೇ ಹೊರತು ಬೀಜದಿಂದಲ್ಲ. ಅದಕ್ಕೆ ಹೂ ಬಂದರೆ ರೈತನಿಗೆ ಅದು ಸಂಭ್ರಮವಲ್ಲ, ಕಟಾವಿನ ಕಾಲ ಮೀರುತ್ತಿದೆಯೆಂಬ ಎಚ್ಚರಿಕೆ. ಅರಿಸಿನ ಹೂ ಬಿಟ್ಟರೂ ಬೀಜ ಕಟ್ಟುವುದಿಲ್ಲ; ಮೂರು ಜೊತೆ ವರ್ಣತಂತುಗಳ ಆ ಗಿಡ ಗಡ್ಡೆಯಿಂದಲೇ ವಂಶ ಬೆಳೆಸುತ್ತದೆ. ಅಥಣಿ, ಕಾಗವಾಡಗಳ ದ್ರಾಕ್ಷಿ ತೋಟದಲ್ಲಿರುವುದು ಬಹುಪಾಲು ಬೀಜರಹಿತ ತಳಿಗಳು. ಅವುಗಳ ಹೂವಿನಲ್ಲಿ ಫಲೀಕರಣ ನಡೆದರೂ ಭ್ರೂಣ ಅರ್ಧದಲ್ಲೇ ಕಮರಿಹೋಗುತ್ತದೆ.

ಆದರೆ ಇದೇ ತಾಲ್ಲೂಕುಗಳ ಪ್ರೌಢಶಾಲೆ, ಕಾಲೇಜುಗಳ ಸಸ್ಯಶಾಸ್ತ್ರದ ಪಾಠ ಮೊದಲಾಗುವುದು ಹೂವಿನಿಂದ. ಪುಷ್ಪಪಾತ್ರೆ, ದಳಪುಂಜ, ಕೇಸರ, ಅಂಡಾಶಯ ಎಂದು ಎಣಿಸುತ್ತ ಹೋಗುವ ವಿದ್ಯಾರ್ಥಿಯ ಕೈಯಲ್ಲಿರುವುದು ದಾಸವಾಳ ಅಥವಾ ದತ್ತೂರಿಯ ಹೂವು. ಅವನ ಮನೆಯ ಅನ್ನಕ್ಕೆ ಮೂಲವಾದ ಗಿಡದ ಹೂವನ್ನು ಅವನು ಕಂಡಿರುವ ಸಂಭವ ಕಡಿಮೆ. ವರ್ಗೀಕರಣ ವಿಜ್ಞಾನ ಯಾವ ಅಂಗವನ್ನು ಗಿಡದ ಗುರುತೆಂದು ಭಾವಿಸುತ್ತದೆಯೋ ಆ ಅಂಗವನ್ನೇ ಇಲ್ಲಿನ ಬೇಸಾಯ ತೆಗೆದುಹಾಕುತ್ತದೆ ಅಥವಾ ನಿರ್ಲಕ್ಷಿಸುತ್ತದೆ. ಕಣ್ಮುಂದೆ ಇಲ್ಲದ ಹೂವನ್ನು ಕಲಿಸುವುದು ಹೇಗೆಂಬ ಈ ಪ್ರಶ್ನೆ ಚಿಕ್ಕೋಡಿಗೆ ಮಾತ್ರ ಸೀಮಿತವಾದುದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದೇ ಪ್ರಶ್ನೆಗೆ ಅಮೆರಿಕದ ಒಂದು ವಿಶ್ವವಿದ್ಯಾಲಯ ಅತ್ಯಂತ ದುಬಾರಿಯಾದ, ಅತ್ಯಂತ ಸುಂದರವಾದ ಉತ್ತರವೊಂದನ್ನು ಕಂಡುಕೊಂಡಿತು. ಆ ಉತ್ತರದ ಗುಣದೋಷಗಳ ವಿವೇಚನೆ ಪ್ರಸ್ತುತ ಲೇಖನದ ವಸ್ತು.

ಹಾರ್ವರ್ಡ್ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಸ್ತುಸಂಗ್ರಹಾಲಯವನ್ನು ಕಟ್ಟಿ ಅದರ ಮೊದಲ ನಿರ್ದೇಶಕರಾದ ಜಾರ್ಜ್ ಲಿಂಕನ್ ಗುಡೇಲ್ ಅವರ ಮುಂದಿದ್ದ ತೊಡಕು ಋತುಮಾನದ್ದು. ನ್ಯೂ ಇಂಗ್ಲೆಂಡಿನ ದೀರ್ಘ ಚಳಿಗಾಲದಲ್ಲಿ ಪಾಠಕ್ಕೆ ಬೇಕಾದ ಹೂವು ದೊರೆಯುತ್ತಿರಲಿಲ್ಲ. ಒತ್ತಿ ಒಣಗಿಸಿದ ಮಾದರಿಗಳಲ್ಲಿ ಬಣ್ಣವೂ ಉಳಿಯುವುದಿಲ್ಲ, ಗಾತ್ರವೂ ಉಳಿಯುವುದಿಲ್ಲ. ಗಿಡ ಕಾಗದದ ಮೇಲಿನ ಕಂದು ನೆರಳಾಗುತ್ತದೆ. ಮೇಣದ ಮತ್ತು ಕಾಗದದ ರದ್ದಿನ ಮಾದರಿಗಳು ಅಂದು ಬಳಕೆಯಲ್ಲಿದ್ದರೂ ಗುಡೇಲರಿಗೆ ಅವು ಒರಟೆನಿಸಿದ್ದವು. ಆಗ ಅವರ ಗಮನ ಸೆಳೆದುದು ಡ್ರೆಸ್ಡೆನ್ ನಗರದ ಸಮೀಪದ ತಂದೆ ಮಕ್ಕಳು ಗಾಜಿನಲ್ಲಿ ಮಾಡಿದ್ದ ಕಡಲಜೀವಿಗಳ ಮಾದರಿಗಳು.

ಲಿಯೊಪೋಲ್ಡ್ ಬ್ಲಾಷ್ಕ (1822-1895) ಬೊಹೀಮಿಯದ ಗಾಜುಗಾರರ ಮನೆತನದವನು. 1853ರಲ್ಲಿ ಅಮೆರಿಕಕ್ಕೆ ಹೊರಟಿದ್ದ ಅವನ ಹಡಗು ಗಾಳಿಯಿಲ್ಲದೆ ನಡುಗಡಲಲ್ಲಿ ನಿಂತಾಗ ನೀರಿನಲ್ಲಿ ಹೊಳೆಯುವ ಲೋಳೆಮೀನುಗಳನ್ನು ಅವನು ನೋಡಿ ಚಿತ್ರಿಸಿಕೊಂಡನೆಂಬುದು ಪ್ರಸಿದ್ಧ ವೃತ್ತಾಂತ. 1860ರ ಆಸುಪಾಸಿನಲ್ಲಿ ಅವನು ಕೆಮಿಲ್ ದ ರೊಹಾನ್ ಎಂಬ ರಾಜಕುಮಾರನ ತೋಟದ ಸೀತಾಳೆ ಹೂಗಳನ್ನು ಗಾಜಿನಲ್ಲಿ ಮಾಡಿದ. ಬೆಲ್ಜಿಯಂನ ಲಿಯೇಜ್ ಸೇರಿದ ಆ ಸಂಗ್ರಹ 1868ರ ಬೆಂಕಿಗೆ ಆಹುತಿಯಾಯಿತು. ಡ್ರೆಸ್ಡೆನ್ನಿನ ವಸ್ತುಸಂಗ್ರಹಾಲಯದ ಲುಡ್ವಿಗ್ ರೈಷೆನ್‌ಬಾಖ್ 1863ರಲ್ಲಿ ಕಡಲಹೂಗಳ ಮಾದರಿಗಳನ್ನು ಮಾಡಿಸಿಕೊಂಡ ಮೇಲೆ ಈ ಕಸುಬು ದೊಡ್ಡ ವ್ಯಾಪಾರವಾಯಿತು. ಮಗ ರುಡಾಲ್ಫ್ (1857-1939) ಜೊತೆಗೂಡಿದ ನಂತರ ಮೃದುದೇಹದ ಅಕಶೇರುಕಗಳ ಗಾಜಿನ ಪ್ರತಿರೂಪಗಳು ಪಟ್ಟಿಯ ಮೂಲಕ ದೇಶದೇಶಗಳ ಸಂಗ್ರಹಾಲಯಗಳಿಗೆ ಮಾರಾಟವಾದವು. ಮದ್ಯಸಾರದಲ್ಲಿಟ್ಟರೆ ಬಣ್ಣಗೆಟ್ಟು ಮುದುಡಿಹೋಗುವ ಜೀವಿಗಳಿಗೆ ಗಾಜು ತಕ್ಕ ಮಾಧ್ಯಮವೇ ಆಗಿತ್ತು; ಅವುಗಳ ಪಾರದರ್ಶಕತೆ ಗಾಜಿನ ಸಹಜಗುಣ.

ಗುಡೇಲರು 1886ರಲ್ಲಿ ಡ್ರೆಸ್ಡೆನ್ನಿಗೆ ಹೋಗಿ ಹೂಗಳನ್ನು ಮಾಡಿಕೊಡಬೇಕೆಂದು ಕೇಳಿದಾಗ ಲಿಯೊಪೋಲ್ಡ್ ಉತ್ಸಾಹ ತೋರಲಿಲ್ಲ. ಕಡಲಜೀವಿಗಳ ವ್ಯಾಪಾರ ಚೆನ್ನಾಗಿ ನಡೆದಿತ್ತು. ಮಾದರಿಗೆಂದು ಮಾಡಿ ಕಳಿಸಿದ ಕೆಲವು ಹೂಗಳು ಅಮೆರಿಕದ ಸುಂಕದ ಕಟ್ಟೆಯಲ್ಲಿ ಒಡೆದುಹೋದವು. ಆ ಚೂರುಗಳೇ ಸಾಕಾದುವು. ಎಲಿಜಬೆತ್ ವೇರ್ ಮತ್ತು ಅವರ ಮಗಳು ಮೇರಿ ಲೀ ವೇರ್ ವೆಚ್ಚ ವಹಿಸಿಕೊಂಡರು. ಇಡೀ ಸಂಗ್ರಹ ಹಾರ್ವರ್ಡಿನ ಹಳೆಯ ವಿದ್ಯಾರ್ಥಿ ಡಾ. ಚಾರ್ಲ್ಸ್ ಎಲಿಯಟ್ ವೇರ್ ಅವರ ಸ್ಮಾರಕವಾಯಿತು. 1887ರಲ್ಲಿ ಅರೆವೇಳೆಯ ಕೆಲಸವಾಗಿ ತೊಡಗಿದ್ದು 1890ರಲ್ಲಿ ಹತ್ತು ವರ್ಷಗಳ ಪೂರ್ಣಾವಧಿಯ ಒಪ್ಪಂದವಾಯಿತು. ವರ್ಷಕ್ಕೆ 8,800 ಮಾರ್ಕು ಸಂಭಾವನೆ. ಇನ್ನು ಮುಂದೆ ಬ್ಲಾಷ್ಕರು ಹಾರ್ವರ್ಡಿಗಲ್ಲದೆ ಬೇರೆ ಯಾರಿಗೂ ಮಾಡಿಕೊಡಕೂಡದು. 1893ರಲ್ಲಿ ಸಂಗ್ರಹದ ಸಮರ್ಪಣೆ ನಡೆಯಿತು. ತಂದೆ ತೀರಿಕೊಂಡ ಮೇಲೂ ರುಡಾಲ್ಫ್ ಒಬ್ಬನೇ ದುಡಿದು 1936ರಲ್ಲಿ ಕೆಲಸ ನಿಲ್ಲಿಸಿದ. ಸುಮಾರು 780 ಪ್ರಭೇದಗಳನ್ನು ಪ್ರತಿನಿಧಿಸುವ 4,300ರಷ್ಟು ಮಾದರಿಗಳು ಆ ಐವತ್ತು ವರ್ಷಗಳ ಫಲ. ರುಡಾಲ್ಫ್‌ಗೆ ಮಕ್ಕಳಿರಲಿಲ್ಲ, ಶಿಷ್ಯರೂ ಇರಲಿಲ್ಲ. ವಿದ್ಯೆ ಅವನೊಂದಿಗೆ ನಿಂತಿತು.

ಇಲ್ಲಿ ರಹಸ್ಯ ತಂತ್ರವೇನಾದರೂ ಇತ್ತೆ ಎಂಬ ಕುತೂಹಲ ಅಂದೂ ಇತ್ತು. ಕಾಲಿನಿಂದ ಒತ್ತುವ ತಿದಿ, ಒಂದು ದೀಪದ ಜ್ವಾಲೆ, ಇಕ್ಕುಳ, ತಂತಿ, ಅಂಟು, ಬಣ್ಣ ಇವಿಷ್ಟೇ ಸಾಧನ. ಮೊದಮೊದಲು ಬಣ್ಣವನ್ನು ಮೇಲಿನಿಂದ ಬಳಿಯುತ್ತಿದ್ದರು. ಮುಂದೆ ರುಡಾಲ್ಫ್ ಬಣ್ಣದ ಗಾಜಿನ ಪುಡಿಯನ್ನು ಮೇಲ್ಮೈಗೆ ಬೆಸೆಯುವ ವಿಧಾನವನ್ನು ಬೆಳೆಸಿದ. ತನ್ನ ಬಳಿ ಗುಪ್ತ ಯಂತ್ರವಿಲ್ಲ, ತಲೆಮಾರುಗಳಿಂದ ಕೈಗೆ ಬಂದ ಹದವೇ ಎಲ್ಲವೆಂಬ ಅಭಿಪ್ರಾಯದ ಲಿಯೊಪೋಲ್ಡನ ಪತ್ರವೊಂದಿದೆ. ಕುಲಕಸುಬಿನ ಒಳಗಿನಿಂದ ಬಂದವರಿಗೆ ಇದು ತೀರ ಪರಿಚಿತವಾದ ಮಾತು. ಅಥಣಿಯ ಚರ್ಮಕಾರರಾಗಲಿ ಖಾನಾಪುರದ ಕುಂಬಾರರಾಗಲಿ ಬೇರೆ ಉತ್ತರ ಕೊಡಲಾರರು.

ಈ ಕೃತಿಗಳನ್ನು ಕಲೆಯೆನ್ನಬೇಕೆ, ಉಪಕರಣವೆನ್ನಬೇಕೆ? ಪಾಶ್ಚಾತ್ಯ ಬರೆಹಗಳಲ್ಲಿ ಪ್ರಾಯಃ ಎರಡನ್ನೂ ಬೆರೆಸಿ ಹೊಗಳುವ ರೂಢಿಯಿದೆ: ವಿಜ್ಞಾನದಲ್ಲಿ ಕಲೆಯ ಪವಾಡ, ಕಲೆಯಲ್ಲಿ ವಿಜ್ಞಾನದ ಪವಾಡ ಎಂದು. ಇಂತಹ ಹೊಗಳಿಕೆಯಿಂದ ಪ್ರಶ್ನೆ ಬಗೆಹರಿಯುವುದಿಲ್ಲ. ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆ ಈ ಸಂದರ್ಭದಲ್ಲಿ ಹೆಚ್ಚು ನಿಖರವಾಗಿ ಒದಗಿಬರುತ್ತದೆ. ರಸಸೂತ್ರದ ವ್ಯಾಖ್ಯಾನದಲ್ಲಿ ಶಂಕುಕನು ಚಿತ್ರತುರಗನ್ಯಾಯವನ್ನು ಮುಂದಿಡುತ್ತಾನೆ. ಚಿತ್ರದಲ್ಲಿರುವ ಕುದುರೆಯನ್ನು ನೋಡಿದವನಿಗೆ ಅದು ನಿಜವಾದ ಕುದುರೆಯೆಂಬ ಜ್ಞಾನವೂ ಅಲ್ಲ, ಮಿಥ್ಯಾಜ್ಞಾನವೂ ಅಲ್ಲ, ಕುದುರೆಯೋ ಅಲ್ಲವೋ ಎಂಬ ಸಂಶಯವೂ ಅಲ್ಲ, ಕುದುರೆಯಂತಿದೆ ಎಂಬ ಸಾದೃಶ್ಯಜ್ಞಾನವೂ ಅಲ್ಲ. ಈ ನಾಲ್ಕಕ್ಕೂ ಬೇರೆಯಾದ ಒಂದು ಪ್ರತೀತಿ ಅಲ್ಲಿ ಉಂಟಾಗುತ್ತದೆ. ಅಭಿನವಗುಪ್ತನ ಗುರು ಭಟ್ಟತೌತನು ಇದನ್ನು ಖಂಡಿಸಿ, ಅನುಕರಣವೆಂಬ ಭಾವನೆ ಪ್ರೇಕ್ಷಕನಿಗೆ ಬಂದರೆ ರಸವೇ ಇಲ್ಲವೆಂದು ವಾದಿಸಿದನು.

ಗಾಜಿನ ಹೂವಿನ ಮುಂದೆ ನಿಂತವನ ಪ್ರತೀತಿ ಇವೆರಡರ ನಡುವೆ ತೂಗಾಡುತ್ತದೆ. ಮೊದಲ ನೋಟಕ್ಕೆ ಅದು ಹೂವೇ. ಗಾಜೆಂದು ತಿಳಿದ ಕೂಡಲೇ ನೋಡುವವನ ಗಮನ ಹೂವಿನಿಂದ ಜಾರಿ ಮಾಡಿದವನ ಕೈಯ ಕಡೆಗೆ ಹೋಗುತ್ತದೆ: ಇಷ್ಟು ತೆಳುವಾದ ರೋಮವನ್ನು ಗಾಜಿನಲ್ಲಿ ಎಳೆದುದು ಹೇಗೆ, ಎಲೆಯ ಬಾಡಿದ ಅಂಚಿಗೆ ಆ ಹಳದಿ ಬಂದುದು ಹೇಗೆ? ಆಗ ಅದು ಸಸ್ಯಶಾಸ್ತ್ರದ ಪಾಠವಾಗಿ ಉಳಿಯುವುದಿಲ್ಲ, ಗಾಜಿನ ಪಾಠವಾಗುತ್ತದೆ. ಸಾದೃಶ್ಯ ಪೂರ್ಣವಾದಷ್ಟೂ ವಿಸ್ಮಯ ಹೆಚ್ಚುತ್ತದೆ, ವಿಸ್ಮಯ ಹೆಚ್ಚಿದಷ್ಟೂ ವಸ್ತು ಮರೆಯಾಗುತ್ತದೆ. ಭಟ್ಟತೌತನ ಆಕ್ಷೇಪ ನಾಟ್ಯಕ್ಕಿಂತ ಇಲ್ಲಿಯೇ ಹೆಚ್ಚು ಸಲ್ಲುವಂತಿದೆ. ಹಾರ್ವರ್ಡಿನ ಮಾದರಿಗಳು ಕಾಲಕ್ರಮದಲ್ಲಿ ತರಗತಿಯಿಂದ ದೂರವಾಗಿ ಪ್ರವಾಸಿಗರ ಆಕರ್ಷಣೆಯಾದುದು ಆಕಸ್ಮಿಕವೆನಿಸುವುದಿಲ್ಲ. ಅವುಗಳ ಸ್ವಭಾವದಲ್ಲಿಯೇ ಆ ಚಲನೆಯಿತ್ತು.

ಆದಾಗ್ಯೂ ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ನಿಜಗಾತ್ರದ ಕೊಂಬೆಯ ಪಕ್ಕದಲ್ಲಿಯೇ ಬ್ಲಾಷ್ಕರು ಹಲವು ಪಟ್ಟು ಹಿಗ್ಗಿಸಿದ ಬಿಡಿಭಾಗಗಳನ್ನೂ ಇಟ್ಟರು: ಕೊಯ್ದ ಅಂಡಾಶಯ, ಕೇಸರದ ತುದಿ, ಬೀಜದ ಒಳಭಾಗ. ಒಟ್ಟು ಸಂಖ್ಯೆಯಲ್ಲಿ ಇಂತಹ ವಿವರಗಳದೇ ಹೆಚ್ಚಿನ ಪಾಲು. ಪ್ರವಾಸಿಗರು ಇವುಗಳ ಮುಂದೆ ನಿಲ್ಲುವುದಿಲ್ಲವೆಂಬುದು ಬೇರೆ ಮಾತು. ಇಲ್ಲಿ ಅನುಕರಣ ಹಿಂದೆ ಸರಿದು ವಿಶ್ಲೇಷಣೆ ಮುಂದೆ ಬರುತ್ತದೆ. ಬರಿಗಣ್ಣಿಗೆ ಕಾಣದುದನ್ನು ಕಾಣಿಸುವುದರಿಂದ ಇಲ್ಲಿ ಸಾದೃಶ್ಯದ ಪ್ರಶ್ನೆ ಏಳುವುದಿಲ್ಲ. ಸಂಗ್ರಹದ ನಿಜವಾದ ಬೋಧನಾಶಕ್ತಿ ಈ ಕುರೂಪಿ ತುಣುಕುಗಳಲ್ಲಿದೆ ಎಂದರೆ ಅತಿಶಯೋಕ್ತಿಯಾಗದು.

ಇದೇ ಕಾಲದ ಮತ್ತೊಂದು ಪರಂಪರೆಯೊಡನೆ ಹೋಲಿಸಿದಾಗ ಈ ಅಂಶ ಇನ್ನಷ್ಟು ಸ್ಪಷ್ಟವಾಗುತ್ತದೆ. ಜರ್ಮನಿಯ ಬ್ರೆಸ್ಲಾವ್ ನಗರದಲ್ಲಿ ರಾಬರ್ಟ್ ಬ್ರೆಂಡೆಲ್ 1866ರಿಂದ ಕಾಗದದ ರದ್ದು, ಮರ, ಬಟ್ಟೆಗಳಲ್ಲಿ ಹೂವಿನ ಮಾದರಿಗಳನ್ನು ತಯಾರಿಸತೊಡಗಿದ. ಸಸ್ಯವಿಜ್ಞಾನಿ ಫರ್ಡಿನಾಂಡ್ ಕೋಹ್ನ್ ಅವರ ನೆರವು ಅವನಿಗಿತ್ತು. ಅಂಗೈಯಗಲದ ಕೇಸರ, ತೆಂಗಿನಕಾಯಿ ಗಾತ್ರದ ಅಂಡಾಶಯ; ಬಣ್ಣ ಗಾಢ, ರೇಖೆ ಒರಟು. ಇದನ್ನು ನಿಜವಾದ ಹೂವೆಂದು ಯಾರೂ ಭ್ರಮಿಸಲಾರರು. ಆದರೆ ಅದರ ದಳಗಳನ್ನು ಕೊಕ್ಕೆ ಬಿಡಿಸಿ ತೆಗೆಯಬಹುದು, ಅಂಡಾಶಯವನ್ನು ಎರಡಾಗಿ ತೆರೆಯಬಹುದು, ಮತ್ತೆ ಜೋಡಿಸಬಹುದು. ಫ್ರಾನ್ಸಿನ ಡಾ. ಓಜೂ ಮನುಷ್ಯದೇಹದ ಅಂಗರಚನೆಗಾಗಿ ರೂಪಿಸಿದ್ದ, ಬಿಡಿಸಿ ಜೋಡಿಸುವ ಮಾದರಿಗಳದೇ ತತ್ತ್ವ ಇಲ್ಲಿಯದು. ಬ್ರೆಂಡೆಲ್ ಮಾದರಿಗಳು ಅನೇಕ ದೇಶಗಳ ಶಾಲೆ, ಕಾಲೇಜುಗಳಿಗೆ ಹರಡಿ, ಕೈಯಿಂದ ಕೈಗೆ ಸಾಗಿ ಸವೆದವು. ಬ್ಲಾಷ್ಕರ ಹೂಗಳು ಒಪ್ಪಂದದ ಬಲದಿಂದ ಒಂದೇ ಕಟ್ಟಡದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಉಳಿದವು. ಮುಟ್ಟಿದರೆ ಒಡೆಯುವ ವಸ್ತುವನ್ನು ಬೋಧನೋಪಕರಣವೆಂದು ಕರೆಯುವಲ್ಲಿ ಒಂದು ವಿರೋಧಾಭಾಸವಿದೆ. ಸಸ್ಯಶಾಸ್ತ್ರದ ಪ್ರಾಯೋಗಿಕ ತರಗತಿಯಲ್ಲಿ ಸೂಜಿಯಿಂದ ಹೂವನ್ನು ಬಿಡಿಸುವ ಕೆಲಸ ಜ್ಞಾನಕ್ಕೆ ಪೂರ್ವಸಿದ್ಧತೆಯಲ್ಲ, ಅದೇ ಜ್ಞಾನ. ಅದನ್ನು ಬೇರೊಬ್ಬರು ಮೊದಲೇ ಮಾಡಿಟ್ಟಿದ್ದರೆ ವಿದ್ಯಾರ್ಥಿಗೆ ಉಳಿಯುವುದು ಒಪ್ಪಿಗೆಯಷ್ಟೆ.

ಕರ್ನಾಟಕದಲ್ಲಿ ಗಿಡವನ್ನು ದಾಖಲಿಸುವ ಕೆಲಸ ಬೇರೆ ಹಾದಿ ಹಿಡಿಯಿತು. ಅದು ಬಣ್ಣದ, ರೇಖೆಯ ಹಾದಿ. 1840ರ ದಶಕದ ಮಧ್ಯದಲ್ಲಿ ಶಿವಮೊಗ್ಗದಲ್ಲಿದ್ದ ವೈದ್ಯ ಹ್ಯೂ ಕ್ಲೆಗ್‌ಹಾರ್ನ್ ಮರಾಠಾ ಚಿತ್ರಕಾರನೊಬ್ಬನನ್ನು ನೇಮಿಸಿಕೊಂಡು ದಿನಕ್ಕೊಂದು ಗಿಡದ ಚಿತ್ರ ಬರೆಯಿಸಿದನು. ಆ ಸಂಗ್ರಹ ಇಂದು ಎಡಿನ್‌ಬರೋ ಸಸ್ಯೋದ್ಯಾನದಲ್ಲಿದೆ. ಲಾಲ್‌ಬಾಗಿನಲ್ಲಿ ಜಾನ್ ಕ್ಯಾಮರನ್ (1874-1908) ಮತ್ತು ಆನಂತರ ಕ್ರುಂಬಿಗೆಲ್ ಅವರ ಆಡಳಿತಕಾಲದಲ್ಲಿ ಚೆಲುವಯ್ಯ ರಾಜು ಬರೆದ ಸಸ್ಯಚಿತ್ರಗಳಿವೆ. ಅದೇ ತೋಟದಲ್ಲಿ 1889ರಲ್ಲಿ ಶಂಕುಸ್ಥಾಪನೆಯಾದ ಗಾಜಿನ ಮನೆಯೂ ಇದೆ. ಬ್ಲಾಷ್ಕರು ಗಾಜಿನಿಂದ ಹೂವು ಮಾಡುತ್ತಿದ್ದ ವರ್ಷಗಳಲ್ಲಿಯೇ ಬೆಂಗಳೂರಿನಲ್ಲಿ ಗಾಜಿನೊಳಗೆ ಹೂವು ಇಡುವ ಕಟ್ಟಡ ಎದ್ದುದು ಕಾಲದ ಅಭಿರುಚಿಯನ್ನು ಸೂಚಿಸುತ್ತದೆ, ಅಷ್ಟೆ. ಅದಕ್ಕಿಂತ ಹೆಚ್ಚಿನ ಅರ್ಥವನ್ನು ಅದಕ್ಕೆ ಹಚ್ಚಬೇಕಾಗಿಲ್ಲ.

ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿಯ ಭಾಗದಲ್ಲಿ ಪದವೇ ಮಾದರಿಯಾಯಿತು. ಡಾಲ್ಜೆಲ್ ಮತ್ತು ಗಿಬ್ಸನ್ ಅವರ ಮುಂಬಯಿ ಸಸ್ಯಸಂಪತ್ತಿನ ಗ್ರಂಥ 1861ರಲ್ಲಿ ಹೊರಬಂದಿತು. ಪುಣೆಯ ವಿಜ್ಞಾನ ಕಾಲೇಜಿನ ಪ್ರಾಂಶುಪಾಲರಾಗಿದ್ದ ಥಿಯೊಡೋರ್ ಕುಕ್ ಅವರ ವಿಸ್ತಾರವಾದ ಗ್ರಂಥ 1901ರಿಂದ 1908ರವರೆಗೆ ಕಂತುಗಳಲ್ಲಿ ಪ್ರಕಟವಾಯಿತು. ಕುಕ್ ಅವರ ಪುಟಗಳಲ್ಲಿ ರಿಚಿ ಎಂಬ ಸಂಗ್ರಾಹಕ ಬೆಳಗಾವಿಯಲ್ಲಿ ಆಯ್ದ ಗಿಡಗಳ ಉಲ್ಲೇಖ ಮೇಲಿಂದ ಮೇಲೆ ಬರುತ್ತದೆ. ಆದರೆ ಗಿಡ ದೊರೆಯುವ ಪ್ರದೇಶವನ್ನು ಗುರುತಿಸುವಾಗ ಕುಕ್ ಬಳಸುವ ಹೆಸರು 'ದಕ್ಷಿಣ ಮರಾಠಾ ಸೀಮೆ' ಎಂದು. ಆಡಳಿತದ ಕಡತದಿಂದ ಎತ್ತಿಕೊಂಡ ಈ ಹೆಸರು ಸಸ್ಯಶಾಸ್ತ್ರದ ಗ್ರಂಥದಲ್ಲಿ ನೆಲೆನಿಂತು, ಕನ್ನಡ ಮಾತಿನ ನೆಲವೊಂದು ಬೇರೆ ಹೆಸರಿನಲ್ಲಿ ವಿಜ್ಞಾನವನ್ನು ಪ್ರವೇಶಿಸಿತು. ರಾಯಬಾಗವಂತೂ ಅಂದು ಕೊಲ್ಹಾಪುರ ಸಂಸ್ಥಾನದ ಭಾಗ. ಚೀಟಿಯ ಮೇಲಿನ ಹೆಸರು ಯಾರದು ಎಂಬ ಪ್ರಶ್ನೆ ಮಾದರಿಯ ಅಂದದ ಪ್ರಶ್ನೆಗಿಂತ ಕಡಿಮೆ ಮಹತ್ತ್ವದ್ದಲ್ಲ.

ಹಾರ್ವರ್ಡಿಗೂ ಕನ್ನಡಕ್ಕೂ ನೇರವಾದ ಒಂದು ಕೊಂಡಿಯಿದೆ. ಅದು ಬಿ.ಜಿ.ಎಲ್. ಸ್ವಾಮಿಯವರದು. 1940ರ ದಶಕದ ಕೊನೆಯಲ್ಲಿ ಅವರು ಅಲ್ಲಿ ಇರ್ವಿಂಗ್ ವಿಡ್ಮರ್ ಬೇಲಿಯವರೊಡನೆ ಸಂಶೋಧನೆ ನಡೆಸಿದರು. ಬ್ಲಾಷ್ಕರ ಕೆಲಸ ಮುಗಿದು ಆಗ ಹತ್ತು ಹನ್ನೆರಡು ವರ್ಷಗಳಾಗಿದ್ದವು. ಸಂಗ್ರಹ ಅದೇ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕರಿಗೆ ತೆರೆದಿತ್ತು. ಆದರೆ ಸ್ವಾಮಿಯವರ ಸಂಶೋಧನೆಗೆ ಬೇಕಾದ ಗಾಜು ಅದಲ್ಲ. ಭ್ರೂಣವಿಜ್ಞಾನ ಮತ್ತು ಅಂಗರಚನೆಯ ಅಧ್ಯಯನಕ್ಕೆ ಹೂವನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾಗಿ ಸಾಲುಸಾಲಾಗಿ ಕೊಯ್ದು, ಬಣ್ಣ ಹಿಡಿಸಿ, ಗಾಜಿನ ಪಟ್ಟಿಯ ಮೇಲೆ ಇಡಬೇಕು. ಒಂದು ಗಾಜು ಹೂವಾಗಿ ಕಾಣುತ್ತದೆ. ಇನ್ನೊಂದು ಗಾಜು ತಾನು ಕಾಣದೆ ಹೂವನ್ನು ಕಾಣಿಸುತ್ತದೆ. ಬೇಲಿ ಮತ್ತು ಸ್ವಾಮಿ 1951ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧ ಅಂಡಕೋಶದ ಉಗಮವನ್ನು ಕುರಿತದ್ದು. ಪ್ರಾಚೀನ ಲಕ್ಷಣಗಳನ್ನು ಉಳಿಸಿಕೊಂಡ ಹೂಗಿಡಗಳಲ್ಲಿ ಅಂಡಕೋಶವು ನಡುನರದ ಉದ್ದಕ್ಕೂ ಮಡಿಸಿದ ಎಲೆಯಂತಿದ್ದು, ಅದರ ಅಂಚುಗಳು ಪೂರ್ತಿಯಾಗಿ ಬೆಸೆದುಕೊಂಡಿರುವುದಿಲ್ಲವೆಂದು ಅವರು ತೋರಿಸಿದರು. ಮುಚ್ಚಿದ ಪಾತ್ರೆಯಂತೆ ಕಾಣುವ ಅಂಗ ಒಂದು ಕಾಲಕ್ಕೆ ತೆರೆದ ಮಡಿಕೆಯಾಗಿತ್ತೆಂಬ ಈ ತಿಳಿವಳಿಕೆ ಸಿದ್ಧರೂಪವನ್ನಷ್ಟೇ ಹಿಡಿದಿಡುವ ಪ್ರತಿಕೃತಿಯಿಂದ ಹುಟ್ಟಲಾರದು. ಅದಕ್ಕೆ ನರಗಳ ಜಾಡು ಹಿಡಿದು ಸೀಳುತ್ತ ಹೋಗುವ ತಾಳ್ಮೆ ಬೇಕು.

ಕನ್ನಡ ಓದುಗರಿಗೆ ಸ್ವಾಮಿಯವರು ಪರಿಚಿತರಾಗಿರುವುದು ಈ ಪ್ರಬಂಧಗಳಿಂದಲ್ಲ, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ 'ಹಸುರು ಹೊನ್ನು' ಕೃತಿಯಿಂದ. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಕಥನವಾದ ಆ ಗ್ರಂಥದಲ್ಲಿ ಗಿಡಗಳ ಚಿತ್ರಗಳನ್ನು ಬರೆದವರೂ ಅವರೇ. ಕಪ್ಪು ಗೆರೆಯ ಆ ಚಿತ್ರಗಳಿಗೆ ಗಾಜಿನ ಹೂವಿನ ಮುಂದೆ ಯಾವ ವೈಭವವೂ ಇಲ್ಲ. ಆದರೆ ಗೆರೆ ಆಯ್ಕೆ ಮಾಡುತ್ತದೆ. ಏನನ್ನು ನೋಡಬೇಕು, ಏನನ್ನು ಬಿಡಬಹುದು ಎಂಬುದನ್ನು ಹೇಳುತ್ತದೆ. ಬ್ಲಾಷ್ಕರ ಕೃತಿ ಏನನ್ನೂ ಬಿಡುವುದಿಲ್ಲ. ಹುಳು ತಿಂದ ಎಲೆಯ ತೂತಿಗೂ ಪರಾಗಕೋಶಕ್ಕೂ ಅಲ್ಲಿ ಸಮಾನ ಗೌರವ. ಬೋಧನೆಯ ದೃಷ್ಟಿಯಿಂದ ಸ್ವಾಮಿಯವರ ಗೆರೆಯೇ ಮೇಲೆಂದು ಒಪ್ಪಬೇಕಾಗುತ್ತದೆ. ಜೊತೆಗೆ ಆ ಗೆರೆಯನ್ನು ನೋಡಿ ವಿದ್ಯಾರ್ಥಿಯೂ ಒಂದು ಗೆರೆ ಎಳೆಯಬಲ್ಲ. ಗಾಜಿನ ಹೂವನ್ನು ನೋಡಿ ಅವನು ಗಾಜು ಊದಲಾರ.

ಐದು ತಾಲ್ಲೂಕುಗಳ ಬೆಳೆಗಳ ಕಡೆಗೆ ತಿರುಗಿದರೆ ವಿಷಯ ಇನ್ನಷ್ಟು ಜಟಿಲವಾಗುತ್ತದೆ. ಹಾರ್ವರ್ಡಿನ ಸಂಗ್ರಹದಲ್ಲಿ ಆರ್ಥಿಕ ಮಹತ್ತ್ವದ ಗಿಡಗಳಿಗೆ ವಿಶೇಷ ಸ್ಥಾನವಿದೆ. ಉಷ್ಣವಲಯದ ಸಸ್ಯಗಳನ್ನು ಕಣ್ಣಾರೆ ನೋಡಲು ರುಡಾಲ್ಫ್ 1892ರಲ್ಲಿ ಜಮೈಕಾಕ್ಕೂ ಹೋಗಿದ್ದ. ಬಾಳೆ, ಗೇರುಗಳ ಮಾದರಿಗಳು ಇಂದಿಗೂ ನೋಡುಗರನ್ನು ಹಿಡಿದು ನಿಲ್ಲಿಸುತ್ತವೆ. ಆದರೆ ಗೇರಿನ ಗಾಜಿನ ಕೊಂಬೆಯಲ್ಲಿ ಗೇರುಬೀಜ ಸುಲಿಯುವವರ ಕೈ ಕಾಣುವುದಿಲ್ಲ. ಆರ್ಥಿಕ ಸಸ್ಯಶಾಸ್ತ್ರವೆಂಬ ಹೆಸರಿನಡಿ ಆರ್ಥಿಕತೆಯನ್ನು ಹೊರಗಿಟ್ಟು ಸಸ್ಯವನ್ನು ಮಾತ್ರ ಪ್ರದರ್ಶಿಸುವ ಕ್ರಮ ಅಂದಿನ ವಸ್ತುಸಂಗ್ರಹಾಲಯಗಳ ಸಾಮಾನ್ಯ ಲಕ್ಷಣ.

ತಂಬಾಕಿನ ಉದಾಹರಣೆ ಇದನ್ನು ಚೆನ್ನಾಗಿ ವಿಶದಪಡಿಸುತ್ತದೆ. ನಿಕೋಟಿಯಾನ ಟಬಾಕಮ್ ಬದನೆ, ಮೆಣಸಿನಕಾಯಿಗಳ ಕುಟುಂಬಕ್ಕೆ ಸೇರಿದ್ದು. ಉದ್ದನೆಯ ಕೊಳವೆಯಂತಹ ತಿಳಿಗೆಂಪು ಹೂವು, ಐದು ಕೇಸರ, ಎರಡು ಕೋಣೆಯ ಅಂಡಾಶಯ, ಒಂದೊಂದು ಕಾಯಿಯಲ್ಲಿ ಸಾವಿರಾರು ಬೀಜ. ಬೀಜ ಧೂಳಿನಷ್ಟು ಸಣ್ಣದು. ತರಗತಿಯ ಮಾದರಿಗೆ ಇದಕ್ಕಿಂತ ಒಪ್ಪುವ ಹೂವು ಇಲ್ಲ. ಆದರೆ ನಿಪ್ಪಾಣಿಯ ಹೊಲದಲ್ಲಿ ಈ ಹೂವು ಅರಳುವುದು ಬೀಜಕ್ಕೆಂದು ಬಿಟ್ಟ ಕೆಲವೇ ಗಿಡಗಳಲ್ಲಿ, ಇಲ್ಲವೇ ನಿಪ್ಪಾಣಿಯಲ್ಲಿರುವ ಕೃಷಿ ಸಂಶೋಧನಾ ಕೇಂದ್ರದ ತಾಕುಗಳಲ್ಲಿ. ಮಿಕ್ಕ ಗಿಡಗಳಿಗೆ ಕುಡಿ ಚಿವುಟಿದ ಮೇಲೆ ಎಲೆಗಳ ಕಂಕುಳಿನಿಂದ ಚಿಗುರು ಒತ್ತಿ ಬರುತ್ತದೆ. ಅದನ್ನೂ ಮತ್ತೆ ಮತ್ತೆ ಮುರಿಯಬೇಕು. ಕೈಗೆ ಅಂಟುವ ಕರಿಯ ಜಿಗುಟು, ಒಣಗಿದ ಎಲೆಯ ಘಾಟು, ಬೀಡಿ ಕಟ್ಟುವ ಹೆಂಗಸರ ಬೆರಳು, 1981ರಲ್ಲಿ ನ್ಯಾಯವಾದ ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತು ಗೋಲಿಬಾರಿನಲ್ಲಿ ಜೀವ ತೆತ್ತ ಬೆಳೆಗಾರರು: ಈ ಗಿಡದ ನಿಜವಾದ ವರ್ಣನೆಯಲ್ಲಿ ಇವೆಲ್ಲ ಸೇರುತ್ತವೆ. ಅರಳಿದ ಹೂವಿನ ಮಾದರಿಯೊಂದನ್ನು ತಂದು ನಿಪ್ಪಾಣಿಯ ತರಗತಿಯಲ್ಲಿಟ್ಟರೆ ಅದು ಶಾಸ್ತ್ರಕ್ಕೆ ಸತ್ಯವಾಗಿದ್ದೂ ಊರಿಗೆ ಅಪರಿಚಿತವಾಗಿರುತ್ತದೆ.

ಕಬ್ಬಿನದು ಇನ್ನೊಂದು ಬಗೆ. ಅದರ ಹೂವಿಗೆ ಬೆಲೆಯಿರುವುದು ಕೊಯಮತ್ತೂರಿನಲ್ಲಿ. 1912ರಲ್ಲಿ ಸ್ಥಾಪಿತವಾದ ಅಲ್ಲಿನ ಕಬ್ಬು ತಳಿ ಸಂವರ್ಧನ ಸಂಸ್ಥೆಯಲ್ಲಿ ಹೂಗಳನ್ನು ಕೂಡಿಸಿ ಹೊಸ ತಳಿ ಪಡೆಯುತ್ತಾರೆ. 'ಕೊ' ಎಂದು ಮೊದಲಾಗುವ ಸಂಖ್ಯೆಗಳೆಲ್ಲ ಆ ಊರಿನ ಮುದ್ರೆ. ಉಗಾರ, ರಾಯಬಾಗಗಳ ರೈತ ಕೊ 86032ರ ತುಂಡನ್ನು ನೆಡುವಾಗ ನೂರಾರು ಮೈಲಿ ದೂರದಲ್ಲಿ ಅರಳಿದ ಹೂವೊಂದರ ಫಲವನ್ನು ನೆಡುತ್ತಿರುತ್ತಾನೆ. ಹೂವು ಒಂದೆಡೆ, ಜಲ್ಲೆ ಇನ್ನೊಂದೆಡೆ. ಈ ಭೂಗೋಳವನ್ನು ಯಾವ ಒಂಟಿ ಮಾದರಿಯೂ ತೋರಿಸಲಾರದು. ಬಿಳಿಜೋಳ ಮಾತ್ರ ಈ ಪಟ್ಟಿಗೆ ಅಪವಾದ. ಅದಕ್ಕೆ ಹೂವು ಬೇಕೇ ಬೇಕು. ತೆನೆಯಿಂದ ಉದುರುವ ಪರಾಗಕ್ಕೆ 'ಸುಂಕು' ಎಂಬ ಅಚ್ಚಗನ್ನಡ ಮಾತು ರೈತರ ಬಾಯಲ್ಲಿದೆ. ಪಠ್ಯಪುಸ್ತಕಕ್ಕೆ ಆ ಮಾತು ತಿಳಿಯದು.

ಗಡಿಭಾಗದ ಶಾಲೆಗಳಲ್ಲಿ ಕನ್ನಡ, ಮರಾಠಿ ಎರಡೂ ಮಾಧ್ಯಮಗಳಿವೆ. ಒಂದೇ ಊರಿನ ಮಕ್ಕಳು ಒಂದೇ ಅಂಗವನ್ನು ಎರಡು ಪಠ್ಯಗಳಲ್ಲಿ ಓದುತ್ತಾರೆ. ಅಚ್ಚರಿಯೆಂದರೆ ಪುಂಕೇಸರ, ಅಂಡಾಶಯ ಮುಂತಾದ ಸಂಸ್ಕೃತಜನ್ಯ ಪಾರಿಭಾಷಿಕಗಳು ಎರಡೂ ಕಡೆ ಹತ್ತಿರ ಹತ್ತಿರವಾಗಿಯೇ ಇವೆ; ದೂರವಾಗಿರುವುದು ಪಠ್ಯದ ಮಾತು ಮತ್ತು ಹೊಲದ ಮಾತು. 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರತಂದ ಕಾಲದಿಂದಲೂ ಕನ್ನಡದ ವಿಜ್ಞಾನ ಬರೆಹ ಈ ಅಂತರದೊಡನೆ ಹೆಣಗುತ್ತಲೇ ಬಂದಿದೆ. ಶಿವರಾಮ ಕಾರಂತರು ಒಬ್ಬರೇ ಕುಳಿತು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಬರೆದುದೂ ಈ ಹೆಣಗಾಟದ ಅಂಗವೇ. ಮಾದರಿಗೆ ಭಾಷೆ ಬೇಡವೆಂಬ ವಾದ ಮೇಲುನೋಟಕ್ಕೆ ಸರಿ. ಆದರೆ ಮಾದರಿಯ ಕೆಳಗೆ ಚೀಟಿಯಿರುತ್ತದೆ, ಚೀಟಿಯ ಮೇಲೆ ಹೆಸರಿರುತ್ತದೆ. 'ದಕ್ಷಿಣ ಮರಾಠಾ ಸೀಮೆ'ಯ ಪ್ರಸಂಗ ಅದನ್ನು ತೋರಿಸಿಕೊಟ್ಟಿದೆ.

ಬ್ಲಾಷ್ಕ ಸಂಗ್ರಹದಲ್ಲಿ ವಿಮರ್ಶಕರ ಗಮನ ಇನ್ನೂ ಸಾಲದೆಂದು ತೋರುವ ಒಂದು ವಿಭಾಗವಿದೆ. 1924ರಿಂದ 1932ರ ಅವಧಿಯಲ್ಲಿ ರುಡಾಲ್ಫ್ ಗುಲಾಬಿ ಕುಟುಂಬದ ಹಣ್ಣುಗಳನ್ನು ರೋಗಗ್ರಸ್ತ ಸ್ಥಿತಿಯಲ್ಲಿ ಮಾಡಿದ: ಕೊಳೆತ ಪೀಚು, ಹುರುಕು ಹತ್ತಿದ ಪೇರು, ಮುದುಡಿದ ಎಲೆ, ಬೂಷ್ಟು ಹಿಡಿದ ಸ್ಟ್ರಾಬೆರಿ. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ, ತನ್ನ ಬಳಿಕ ಈ ವಿದ್ಯೆಗೆ ಯಾರೂ ಇಲ್ಲವೆಂದು ಬಲ್ಲ ಕುಶಲಿಯೊಬ್ಬ ಕೊಳೆಯುವಿಕೆಯನ್ನು ಕೊಳೆಯದ ವಸ್ತುವಿನಲ್ಲಿ ಕೆತ್ತಿದ. ಇಲ್ಲಿ ಶಂಕುಕನ ಕುದುರೆಯೂ ಭಟ್ಟತೌತನ ಆಕ್ಷೇಪವೂ ಹಿಂದೆ ಸರಿಯುತ್ತವೆ. ನೋಡುವವನು ಗಾಜನ್ನು ಮರೆತು ರೋಗವನ್ನು ನೋಡುತ್ತಾನೆ. ಸುಂದರ ಹೂವಿನಲ್ಲಿ ಸೋತ ಅನುಕರಣ ಕೊಳೆತ ಹಣ್ಣಿನಲ್ಲಿ ಗೆಲ್ಲುತ್ತದೆ. ಏಕೆಂದರೆ ರೋಗದ ಲಕ್ಷಣವನ್ನು ಬಣ್ಣದಿಂದ, ಮೇಲ್ಮೈಯಿಂದಲೇ ಗುರುತಿಸಬೇಕು. ಬೂಜುತುಪ್ಪಟ ರೋಗದ ಎಣ್ಣೆಚುಕ್ಕೆಯನ್ನೂ ಬೂದಿರೋಗದ ಬಿಳಿ ಪದರವನ್ನೂ ಬೇರ್ಪಡಿಸಿ ನೋಡಬೇಕಾದ ಅಥಣಿಯ ದ್ರಾಕ್ಷಿ ಬೆಳೆಗಾರನಿಗೆ ಇದರ ಪ್ರಯೋಜನ ಕೂಡಲೇ ತಿಳಿಯುತ್ತದೆ. ಒಂದು ದಿನದ ತಪ್ಪು ಗುರುತಿಗೆ ಇಡೀ ಹಂಗಾಮಿನ ಬೆಲೆ ತೆರುವವನು ಅವನು. ಕಪ್ಪು ಗೆರೆಯ ಚಿತ್ರ ಇಲ್ಲಿ ಸಾಲದು, ಒಣಗಿಸಿದ ಎಲೆಯೂ ಸಾಲದು.

ಗಾಜೂ ಶಾಶ್ವತವಲ್ಲ. ಕೆಲವು ಮಾದರಿಗಳ ಮೇಲ್ಮೈ ತೇವಾಂಶದಿಂದ ಶಿಥಿಲಗೊಂಡಿದೆ, ಹಳೆಯ ಅಂಟು ಬಿಟ್ಟಿದೆ. ದುರಸ್ತಿಯ ನಂತರ 2016ರಲ್ಲಿ ಹಾರ್ವರ್ಡಿನ ಪ್ರದರ್ಶನಾಲಯ ಮತ್ತೆ ತೆರೆಯಿತು. ನಮ್ಮ ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ಮಕ್ಕಳು ಥರ್ಮಾಕೋಲು, ಜೇಡಿಮಣ್ಣು, ಬಣ್ಣದ ಕಾಗದಗಳಿಂದ ಹೂವಿನ ಸೀಳುನೋಟ ಮಾಡುವುದು ಬ್ಲಾಷ್ಕರಿಗಿಂತ ಬ್ರೆಂಡೆಲ್‌ನ ಪರಂಪರೆಗೆ ಹತ್ತಿರ. ಆ ಕೆಲಸದ ಒರಟುತನವನ್ನು ಕುರಿತು ನಾಚಬೇಕಾದುದಿಲ್ಲ. ಆಕ್ಷೇಪಿಸಬೇಕಾದುದು ಆಯ್ಕೆಯನ್ನು: ಚಿಕ್ಕೋಡಿಯಲ್ಲಿಯೂ ಚಾಮರಾಜನಗರದಲ್ಲಿಯೂ ಅದೇ ದಾಸವಾಳ. ನಿಪ್ಪಾಣಿಯ ಶಾಲೆಗೆ ಒಂದೇ ಒಂದು ಮಾದರಿಯನ್ನು ಮಾಡುವುದಾದರೆ ಅದು ಅರಳಿದ ತಂಬಾಕಿನ ಹೂವಾಗಬೇಕಿಲ್ಲ. ತುದಿ ಚಿವುಟಿದ ಗಿಡ, ಚಿವುಟಿದ ಗಾಯದ ಒಣಗಿದ ಮೊಂಡು, ಅದರ ಕೆಳಗೆ ಎಲೆಯ ಕಂಕುಳಿನಿಂದ ಒತ್ತಿ ಬರುತ್ತಿರುವ ಹಸಿರು ಚಿಗುರು. ಪಕ್ಕದಲ್ಲಿ, ಹತ್ತು ಪಟ್ಟು ಹಿಗ್ಗಿಸಿ, ಎರಡಾಗಿ ತೆರೆಯಬಲ್ಲ ಒಂದು ಮೊಗ್ಗು. ಚೀಟಿಯ ಮೇಲೆ ತಂಬಾಕು ಎಂದು ಕನ್ನಡದಲ್ಲಿ, ಅದರ ಕೆಳಗೆ ಮರಾಠಿಯಲ್ಲಿ, ಆಮೇಲೆ ಲ್ಯಾಟಿನ್ ಹೆಸರು.